ಬೀಜದ ತಂಬಿಗೆ

ನಾನು ಒಂದು ತಾಮ್ರದ ತಂಬಿಗೆ. ಆಕಾರ ಎಲ್ಲರ ಮನೆಯ ತಂಬಿಗೆಯದೇ: ಉಬ್ಬಿದ ಹೊಟ್ಟೆ, ಸಣ್ಣ ಕೊರಳು, ಹೊರಕ್ಕೆ ಮಡಚಿದ ಬಾಯಿ. ಆದರೆ ಬಹಳ ವರ್ಷಗಳವರೆಗೆ ನನ್ನಿಂದ ಯಾರೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ಊಟಕ್ಕೆ ಕುಳಿತವರ ಮುಂದೆ ನನ್ನನ್ನು ಇಟ್ಟಿರಲಿಲ್ಲ. ನಾನು ಹುಟ್ಟಿದ್ದೇ ಬೇರೆ ಕೆಲಸಕ್ಕೆ.

ತೊರೆಹಾಳ ಎಂಬುದು ಹೊಳೆಯ ದಂಡೆಯ ಊರು. ಸುತ್ತಲಿನ ಹಳ್ಳಿಗಳ ಗಾಣಗಳಲ್ಲಿ ಬೆಲ್ಲ ಆಗುತ್ತಿತ್ತು. ಆ ಬೆಲ್ಲವನ್ನು ಕೊಂಡು ದೂರದ ಪೇಟೆಗಳಿಗೆ ಮಾರುತ್ತಿದ್ದವರು ಚನ್ನಮಲ್ಲಪ್ಪ ನಾಗನೂರಿ. ದೇಶ ಇನ್ನೂ ಬ್ರಿಟಿಷರ ಕೈಯಲ್ಲಿತ್ತು, ಬಿಳಿ ಸಕ್ಕರೆ ಹಡಗಿನಲ್ಲಿ ಬರುತ್ತಿತ್ತು. ನಮ್ಮ ಬೆಲ್ಲವನ್ನೇ ಕರಗಿಸಿ, ಸುಣ್ಣದ ನೀರಿನಿಂದ ತಿಳಿ ಮಾಡಿ, ಸೋಸಿ, ಕಾಸಿ ಬಿಳಿ ಸಕ್ಕರೆ ಮಾಡಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಹೀಗೆ ನಾಗನೂರಿ ಶುಗರ್ ರಿಫೈನಿಂಗ್ ಕಂಪನಿ ಹುಟ್ಟಿತು. ಊರವರ ಬಾಯಲ್ಲಿ ಅದು ಎಂದೂ 'ನಾಗನೂರಿ ಕಾರ್ಖಾನಿ'.

ಕಾರ್ಖಾನೆಯ ಜೀವಾಳ ಒಂದು ತಾಮ್ರದ ಪ್ಯಾನ್. ಹೆಸರು ಕೇಳಿ ಒಲೆಯ ಮೇಲಿನ ಬಾಣಲೆ ಎಂದುಕೊಳ್ಳಬೇಡಿ. ಅದು ಎರಡು ಆಳಿನಷ್ಟು ಎತ್ತರದ ಮುಚ್ಚಿದ ಹಂಡೆ. ಒಳಗಿನ ಗಾಳಿಯನ್ನು ಪಂಪು ಹೊರಕ್ಕೆ ಎಳೆಯುತ್ತದೆ. ಗಾಳಿಯ ಒತ್ತಡ ಕಡಿಮೆಯಾದರೆ ಪಾಕ ಕಡಿಮೆ ಬಿಸಿಗೇ ಕುದಿಯುತ್ತದೆ. ಕಡಿಮೆ ಬಿಸಿಗೆ ಕುದಿದರೆ ಸೀಯುವುದಿಲ್ಲ, ಕೆಂಪಾಗುವುದಿಲ್ಲ. ಈ ಪ್ಯಾನ್ ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು, ರೈಲು ಹತ್ತಿ, ಕಡೆಗೆ ಎತ್ತಿನ ಗಾಡಿಗಳಲ್ಲಿ ತೊರೆಹಾಳ ಮುಟ್ಟಿತು. ಜೋಡಿಸಿ ಮುಗಿಸಿದ ಮೇಲೆ ಒಂದು ತಾಮ್ರದ ತಗಡು ಉಳಿಯಿತು. ಆ ತಗಡು ನಾನು. ಆ ಪ್ಯಾನ್ ನನ್ನ ಅಣ್ಣ.

ನನ್ನನ್ನು ಬಡಿದು ರೂಪ ಕೊಟ್ಟವನು ಗೋವಿಂದ ಎಂಬ ತಾಂಬಟ. ಕೊರಳಿನ ಹತ್ತಿರ ಅವನ ಸುತ್ತಿಗೆ ಒಮ್ಮೆ ಜಾರಿ ಒಂದು ತಗ್ಗು ಬಿತ್ತು. ಅವನು ನಾಲಿಗೆ ಕಚ್ಚಿಕೊಂಡ, ಆದರೆ ಸರಿಪಡಿಸಲಿಲ್ಲ. "ಇರಲಿ ಬಿಡ್ರಿ, ಕಳಕೊಂಡ್ರ ಗುರ್ತ ಹಿಡ್ಯಾಕ ಆಗತೈತಿ," ಎಂದ. ಒಳಗೆ ಕಲಾಯಿ ಹಾಕಿ, ಹುಣಸೆಹಣ್ಣು ತಿಕ್ಕಿ ಬೆಳಗಿ, ಚನ್ನಮಲ್ಲಪ್ಪನವರ ಕೈಗೆ ಕೊಟ್ಟ.

ಅದು ಮೊದಲ ಹಂಗಾಮಿನ ಕೊನೆ. ಸಕ್ಕರೆ ಕಾರ್ಖಾನೆ ವರ್ಷವಿಡೀ ನಡೆಯುವುದಿಲ್ಲ. ದೀಪಾವಳಿ ದಾಟಿದ ಮೇಲೆ ಬೆಂಕಿ ಹಚ್ಚಿದರೆ ಬೇಸಗೆಯಲ್ಲಿ ಆರಿಸುತ್ತಾರೆ. ನಡುವಿನ ತಿಂಗಳುಗಳಲ್ಲಿ ಕೆಲಸಗಾರರು ಮನೆಯಲ್ಲಿ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಭಯ ಆ ವರ್ಷ ಎಲ್ಲರಿಗೂ ಇತ್ತು. ಪಾಕ ಕಾಸುವ ಲಗಮಪ್ಪ ಎಲ್ಲರ ಪರವಾಗಿ ಬಾಯಿ ಬಿಟ್ಟು ಕೇಳಿದ: "ಸಾವ್ಕಾರ್ರ, ಬೆಂಕಿ ಆರಿಸಿದ ಮ್ಯಾಲ ನಮ್ಮನ್ನ ಮರೀತೀರೇನ್ರಿ?"

ಚನ್ನಮಲ್ಲಪ್ಪನವರು ಕೊನೆಯ ಪಾಕ ಇಳಿಯುವಾಗ, ಸಣ್ಣ ಹರಳುಗಳು ತುಂಬಿದ ಆ ಗಟ್ಟಿ ಪಾಕವನ್ನು ನನ್ನೊಳಗೆ ಕೊರಳಮಟ್ಟ ತುಂಬಿಸಿದರು. ಬಾಯಿಗೆ ಬಟ್ಟೆ ಕಟ್ಟಿ ಜೇನುಮೇಣ ಬಳಿದರು. ಎರಡೂ ಕೈಯಿಂದ ನನ್ನನ್ನು ಎತ್ತಿ ಲಗಮಪ್ಪನ ಕೈಗಿಟ್ಟರು.

"ಲಗಮಾ, ಇದು ಬೀಜ. ಇದ ನನ್ನ ಮಾತು ಅಂತ ತಿಳಕೋ. ಬೀಜ ನಿನ್ನ ಮನ್ಯಾಗ ಇರೂತನಕ ಹಂಗಾಮ ಮುಗದಂಗಲ್ಲ, ನಿಂತಂಗ. ಮುಂದಿನ ವರ್ಷ ನಾನ ನಿನ್ನ ಬಾಗಲಕ್ಕ ಬಂದು ಕೇಳತೀನಿ. ಈ ಬೀಜ ಬೀಳೂತನಕ ಹೊಸಾ ಪಾಕ ಎತ್ತೂದಿಲ್ಲ."

"ನೀವು ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಆ ಪ್ಯಾನ್ ಮುಟ್ಟಾಕ ನನಗೂ ಹಕ್ಕಿಲ್ಲ."

ಬೀಜ ಎಂದರೇನು ಎಂದು ಇಲ್ಲಿ ಹೇಳಬೇಕು. ಪಾಕವನ್ನು ಎಷ್ಟೇ ಗಟ್ಟಿಯಾಗಿ ಕಾಸಿದರೂ ಅದು ತಾನಾಗಿ ಚೆನ್ನಾಗಿ ಹರಳಾಗುವುದಿಲ್ಲ. ಹರಳಾಗುವಷ್ಟು ಸಕ್ಕರೆ ಅದರಲ್ಲಿ ಇರುತ್ತದೆ, ಆದರೂ ಸುಮ್ಮನೆ ಕಾಯುತ್ತದೆ. ಸರಿಯಾದ ಹೊತ್ತಿಗೆ ಸಣ್ಣ ಹರಳುಗಳನ್ನು ಹಾಕಿದರೆ ಕರಗಿದ ಸಕ್ಕರೆ ಬಂದು ಆ ಹರಳುಗಳ ಮೈಗೆ ಹತ್ತುತ್ತದೆ, ಪದರದ ಮೇಲೆ ಪದರ. ಅಷ್ಟು ದೊಡ್ಡ ಪ್ಯಾನಿಗೆ ನನ್ನಷ್ಟು ಸಣ್ಣ ತಂಬಿಗೆ ಸಾಕು. ಅಲ್ಲಿಂದ ಮುಂದೆ ಒಂದು ಪಾಕದ ಹರಳು ಮುಂದಿನ ಪಾಕಕ್ಕೆ ಬೀಜ. ಹಂಗಾಮಿನ ಕೊನೆಗೆ ಕೊನೆಯ ಪಾಕದ ಬೀಜ ಮತ್ತೆ ನನ್ನೊಳಗೆ.

ಲಗಮಪ್ಪನ ಮನೆಯಲ್ಲಿ ನನ್ನ ಜಾಗ ದೇವರ ಜಗಲಿಯ ಮೇಲೆ. ಇರುವೆಗಳ ಕಾಟಕ್ಕೆ ನನ್ನ ಕೆಳಗೆ ಒಂದು ತಾಟು, ತಾಟಿನಲ್ಲಿ ನೀರು. ನೀರು ಒಣಗಬಾರದು, ಆದ್ದರಿಂದ ದಿನಾ ಬೆಳಿಗ್ಗೆ ಬದಲಾಯಿಸುವುದು. ಅಲ್ಲಿಂದ ನಾನು ಕಂಡದ್ದು ಕೆಳಗೆ ಕುಳಿತವರ ತಲೆಗಳು, ಒಲೆಯ ಬೆಂಕಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು. ದೀಪಾವಳಿ ದಾಟಿದ ಒಂದು ಸೋಮವಾರ ಬಾಗಿಲಲ್ಲಿ ಒಂದು ಜೋಡು ಚರ್ಮದ ಮೆಟ್ಟು ಬಂದು ನಿಂತವು. ಚನ್ನಮಲ್ಲಪ್ಪನವರು ತಲೆಯ ಪಟಕ ತೆಗೆದು ಕೈಯಲ್ಲಿ ಹಿಡಿದು, ಹೊಸ್ತಿಲು ದಾಟದೆ ಹೊರಗೇ ನಿಂತು ಹೇಳಿದರು: "ಬೀಜ ಕೊಡ್ರಿ, ಹಂಗಾಮ ಹಚ್ಚತೀವಿ."

ಅಂದಿನಿಂದ ಅದೇ ಪದ್ಧತಿ, ಅದೇ ಮಾತು. ಕೇಳುವವರು ಹೊಸ್ತಿಲ ಹೊರಗೆ ನಿಲ್ಲಬೇಕು. ಕೊಡುವವರು ಒಳಗಿನಿಂದ ಕೊಡಬೇಕು. ಬೀಜ ಕಂಪನಿಯ ಕೈಗೆ ಬಂದ ಕೂಡಲೇ ಕಾರ್ಖಾನೆಯ ಗೇಟು ತೆರೆಯಬೇಕು.

ಕೆಲವು ವರ್ಷಗಳ ಮೇಲೆ ಕಂಪನಿ ಬೆಲ್ಲ ಕೊಳ್ಳುವುದನ್ನು ಬಿಟ್ಟು ನೇರ ಕಬ್ಬನ್ನೇ ನುರಿಸತೊಡಗಿತು. ಗಾಣಗಳು ಒಂದೊಂದಾಗಿ ನಿಂತವು, ಗಾಣದವರು ಕಾರ್ಖಾನೆಯ ಆಳುಗಳಾದರು. ಪ್ರಯೋಗಾಲಯಕ್ಕೆ ಗಲಗಲಿ ಎಂಬ ಕೆಮಿಸ್ಟ್ ಬಂದರು. ಅವರು ಮೊದಲ ಸಲ ನನ್ನ ಪೂಜೆ ನೋಡಿ ನಕ್ಕದ್ದು ನೆನಪಿದೆ.

"ಲಗಮಪ್ಪ, ಲೆಕ್ಕ ಹಾಕಿ ನೋಡೀನಿ. ಮೊದಲನೇ ವರ್ಷದ ಆ ಬೀಜದ ಒಂದು ಅಣು ಸುದ್ಧಾ ಈ ತಂಬಿಗ್ಯಾಗ ಉಳದಿರಾಕಿಲ್ಲ."

"ಹೊಳ್ಯಾಗ ಹೋದ ವರ್ಷದ ನೀರು ಉಳದೈತೇನ್ರಿ? ಆದ್ರೂ ಹೊಳಿ ಅಂತೀವಲ್ಲ," ಎಂದ ಲಗಮಪ್ಪ.

"ಹೊಳಿಗೆ ನೀ ಊದಿನಕಡ್ಡಿ ಹಚ್ಚೂದಿಲ್ಲಲ್ಲ."

"ಹಚ್ಚತೀನ್ರಿ. ಶೀಗಿ ಹುಣ್ಣಿವಿಗೆ ಬರ್ರಿ, ತೋರಸ್ತೀನಿ."

ಇಬ್ಬರೂ ನಕ್ಕರು. ಗಲಗಲಿಯವರ ಲೆಕ್ಕ ಸರಿಯಾಗಿಯೇ ಇತ್ತು, ನನಗೂ ಗೊತ್ತು. ಆದರೂ ಆ ಹಂಗಾಮಿನ ಕೊನೆಗೆ ನನ್ನನ್ನು ಪ್ಯಾನಿನಿಂದ ಗೇಟಿನವರೆಗೆ ಹೊತ್ತು ತರುವ ಪಾಳಿ ಅವರದಾದಾಗ, ಆ ಮನುಷ್ಯ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಡೆದರು.

ಚನ್ನಮಲ್ಲಪ್ಪನವರು ತೀರಿಕೊಂಡರು. ಅವರ ಮಗ ಕಾರಿನಲ್ಲಿ ಬಂದರು, ಆದರೆ ಓಣಿಯ ತಲೆಗೆ ಕಾರು ನಿಲ್ಲಿಸಿ ನಡೆದೇ ಬಂದರು. ಮೊಮ್ಮಗ ಕಾರನ್ನು ಬಾಗಿಲವರೆಗೆ ತಂದರು. ಆಮೇಲೆ ಅವರೂ ಬಿಟ್ಟು ಮ್ಯಾನೇಜರ್ ಬರತೊಡಗಿದರು. ಒಂದು ವರ್ಷ ಮ್ಯಾನೇಜರಿಗೆ ಜ್ವರ ಎಂದು ಟೈಮ್‌ಕೀಪರ್ ಬಂದ. ಕಾಲಲ್ಲಿ ಬೂಟು ಹಾಗೇ ಇತ್ತು, ಒಂದು ಕಾಲು ಹೊಸ್ತಿಲ ಒಳಗೆ ಇತ್ತು. ಮಾತು ಮಾತ್ರ ಬದಲಾಗಿರಲಿಲ್ಲ: "ಬೀಜ ಕೊಡ್ರಿ, ಹಂಗಾಮ ಹಚ್ಚತೀವಿ." ಮಾತು ಅದೇ ಇದೆಯಲ್ಲ ಎಂದು ಮನೆಯವರು ಉಳಿದದ್ದನ್ನು ನೋಡಲಿಲ್ಲ. ತಾಮ್ರವೂ ಹೀಗೇ ಸವೆಯುತ್ತದೆ. ದಿನಾ ಬೆಳಗಿದರೆ ದಿನಾ ಹೊಳೆಯುತ್ತದೆ, ತೆಳ್ಳಗಾದದ್ದು ಕಾಣುವುದಿಲ್ಲ.

ಲಗಮಪ್ಪ ಮುದುಕನಾಗಿ ಸತ್ತ. ಅವನ ಜಾಗಕ್ಕೆ ಮಗ ಸತ್ಯೆಪ್ಪ ಪಾಕ ಕಾಸಲು ನಿಂತ. ಸತ್ಯೆಪ್ಪನ ಹೆಂಡತಿ ತಂಗೆವ್ವ ಬಂದ ದಿನದಿಂದ ನನ್ನ ತಾಟಿನ ನೀರು ಅವಳ ಕೆಲಸವಾಯಿತು. ಅವರಿಗೆ ಮಕ್ಕಳಾಗಲಿಲ್ಲ. ಸತ್ಯೆಪ್ಪನ ತಂಗಿ ತೀರಿಕೊಂಡಾಗ ಅವಳ ಮಗ ಪರಶುರಾಮನನ್ನು ತಂದು ಸಾಕಿದರು. ನನ್ನ ತಾಟಿನ ನೀರನ್ನು ಅವನೂ ಬದಲಾಯಿಸುತ್ತಿದ್ದ. ಮೇಣ ಕಿತ್ತು ರುಚಿ ನೋಡಲು ಹೋಗಿ ಅತ್ತೆಯ ಕೈಯಿಂದ ಏಟು ತಿಂದದ್ದೂ ಉಂಟು. ಓದಿ, ಪದವಿ ಪಡೆದು, ಅದೇ ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣ ಅಧಿಕಾರಿಯಾದ. ಆ ದಿನ ಸತ್ಯೆಪ್ಪ ಓಣಿಗೆಲ್ಲ ಪೇಢೆ ಹಂಚಿದ. "ಇನ್ನ ಬೀಜ ಕೇಳಾಕ ನಮ್ಮ ಮನಿ ಮಗನ ಬರ್ತಾನ," ಎಂದು ತಂಗೆವ್ವ ಹಿಗ್ಗಿದಳು. ನಿಜಕ್ಕೂ ಕೆಲವು ವರ್ಷ ಅವನೇ ಬಂದ. ಒಳಗೆ ಉಂಡು, ಕೈ ತೊಳೆದು, ಹೊರಗೆ ಹೋಗಿ ಹೊಸ್ತಿಲಾಚೆ ನಿಂತು ಕೇಳುತ್ತಿದ್ದ. ಮೂವರೂ ನಗುತ್ತಿದ್ದರು.

ಈ ನಡುವೆ ಕಂಪನಿ ನಾಗನೂರಿ ಮನೆತನದ ಕೈಯಿಂದ ಯಾರೋ ದೂರದವರ ಕೈಗೆ ಹೋಯಿತು. ಬೋರ್ಡಿನ ಮೇಲೆ ಹೆಸರು ಉಳಿಯಿತು. ಕಾರ್ಖಾನೆಯಲ್ಲಿ ಉಕ್ಕಿನ ಹೊಸ ಪ್ಯಾನುಗಳು ಬಂದಿದ್ದವು. ಆದರೂ ಹಂಗಾಮಿನ ಮೊದಲ ಪಾಕ, ತೇಪೆ ಹಾಕಿಸಿಕೊಂಡ ನನ್ನ ತಾಮ್ರದ ಅಣ್ಣನಲ್ಲೇ.

ಆಮೇಲೆ ಒಂದು ವರ್ಷ ದೀಪಾವಳಿ ದಾಟಿತು, ಬಾಗಿಲಿಗೆ ಯಾರೂ ಬರಲಿಲ್ಲ.

ದುರಸ್ತಿ ಇದೆ, ಈ ಒಂದು ಹಂಗಾಮು ಬಿಡುತ್ತೇವೆ ಎಂದು ಗೇಟಿಗೆ ಚೀಟಿ ಹಚ್ಚಿದ್ದರು. ರೈತರು ಕಬ್ಬನ್ನು ಬೇರೆ ಕಾರ್ಖಾನೆಗಳಿಗೆ ಸಾಗಿಸಿದರು. ಕೆಲಸಗಾರರು ಕಾದರು. ಮಾಘ ಮಾಸದಲ್ಲಿ ಒಂದು ಕ್ರೇನು, ಗ್ಯಾಸ್ ಕಟರ್ ಹಿಡಿದ ಪರವೂರಿನ ಕೆಲವರು ಗೇಟಿಗೆ ಬಂದರು. ಪ್ಯಾನುಗಳನ್ನು ಕಡಿದು ಒಯ್ಯಲು ಬಂದವರು ಎಂದು ಸುದ್ದಿ ಹಬ್ಬಿತು. ಊರೇ ಗೇಟಿನ ಮುಂದೆ ಸೇರಿತು. ಅದನ್ನು ನಾನು ಕಂಡಿಲ್ಲ. ಆ ಸಂಜೆ ಸತ್ಯೆಪ್ಪ ಒಲೆಯ ಮುಂದೆ ಕುಳಿತು ಹೇಳಿದ್ದು:

"ಕ್ರೇನಿಗೆ ಅಡ್ಡ ನಿಂತು ಹೇಳಿದ್ನಿ. 'ತಮ್ಮಾ, ಬೀಜ ನನ್ನ ಮನ್ಯಾಗೈತಿ. ಬೀಜ ಹೊರಗಿದ್ದಾಗ ಆ ಪ್ಯಾನ್ ಮುಟ್ಟಾಕ ಸಾವ್ಕಾರ್ರಿಗೂ ಹಕ್ಕಿಲ್ಲ. ಇದು ಕಂಪನಿ ಹುಟ್ಟಿಸಿದಾವ್ರ ಮಾತು.' ಡ್ರೈವರ್ ಬಾಜೂ ಊರಾಂವ. ಕೀಲಿ ತಗದು ಕಿಸೇದಾಗ ಇಟಗೊಂಡ. 'ಮೊದಲ ಅವ್ರ ಬೀಜ ತಗೊಂಡ ಬರ್ರಿ, ಆಮ್ಯಾಲ ನನ್ನ ಕರೀರಿ' ಅಂತ ಮ್ಯಾನೇಜರಗ ಹೇಳಿ ಚಾ ಕುಡ್ಯಾಕ ಹೋದ!"

"ಚಾದ ದುಡ್ಡ ನೀವ ಕೊಟ್ಟೀರಿ ಹೌದಲ್ರಿ?" ಎಂದಳು ತಂಗೆವ್ವ.

"ಕೊಡಲಾರದ ಇರಾಕ ಆಗತೈತೇನ?"

ಅಂದಿನಿಂದ ಕೆಲಸಗಾರರು ಪಾಳಿಯ ಮೇಲೆ ಗೇಟಿನಲ್ಲಿ ಕುಳಿತರು. ಜಗಲಿಯ ಮೇಲೆ ಕುಳಿತು ನಾನು ಒಂದು ಇಡೀ ಊರಿನ ಕೆಲಸವನ್ನು ಹಿಡಿದಿದ್ದೆ. ನನ್ನ ಕೊರಳಿಗೆ ಕಟ್ಟಿದ ಬಟ್ಟೆ, ಅದರ ಮೇಣ ಒಡೆಯದೆ ಇರುವವರೆಗೆ ನನ್ನ ಅಣ್ಣ ಇಡಿಯಾಗಿ ನಿಲ್ಲುತ್ತಾನೆ. ನೆರೆಹೊರೆಯ ಹೆಂಗಸರು ಬಂದು ನನಗೆ ಕೈ ಮುಗಿದು ಹೋಗುತ್ತಿದ್ದರು. ತಂಗೆವ್ವ ತಾಟಿನ ನೀರನ್ನು ಬೆಳಿಗ್ಗೆಯೂ ಸಂಜೆಯೂ ಬದಲಾಯಿಸತೊಡಗಿದಳು.

ಪರಶುರಾಮ ಬಂದದ್ದು ಕಾರಹುಣ್ಣಿಮೆಯ ಮುಂದೆ, ಒಂದು ಮಧ್ಯಾಹ್ನ. ಹಂಗಾಮು ನಿಂತ ಮೇಲೆ ಅವನು ಆ ಮನೆಗೆ ಬಂದಿರಲಿಲ್ಲ. ಕಾಲು ತೊಳೆದು ಒಳಗೆ ಬಂದು, ಹಳೆಯ ಜಾಗದಲ್ಲೇ ಕುಳಿತ.

"ಅತ್ತಿ, ಪುಂಡಿಪಲ್ಲೆ ಮಾಡಿದಿ ಏನ? ವಾಸನಿ ಓಣಿತನಾ ಬಂದೈತಿ."

"ಇಷ್ಟ ದಿನ ಬರಲಾರದ ವಾಸನಿ ಇವತ್ತ ಬಂತೇನ? ಕುಂದರ, ರೊಟ್ಟಿ ಹಾಕತೀನಿ."

ಅವನು ಎರಡು ರೊಟ್ಟಿ ತಿಂದ. ಮೂರನೆಯದನ್ನು ಮುರಿಯುತ್ತ ಹೇಳಿದ: "ಮಾವಾ, ಹೊಸಾ ಪ್ಯಾನ್ ಬರಾಕತ್ತೈತಿ. ಬಾಯ್ಲರೂ ಹೊಸಾದು. ಲಾರಿ ಹೊಂಟಾವ. ಗೇಟಿನಾಗ ನೀವೆಲ್ಲಾ ಕುಂತ್ರ ಅವನ್ನ ಒಳಗ ತರೂದು ಹ್ಯಾಂಗ? ನೀ ಬೀಜ ಕೊಟ್ಟಿ ಅಂದ್ರ ಎಲ್ಲಾರೂ ಏಳ್ತಾರ. ಹಳೇ ಪ್ಯಾನಿನಾಗ ಒಂದು ಸಣ್ಣ ಪಾಕ ಎತ್ತಿ, ಅದರ ಹರಳು ಹೊಸಾ ಪ್ಯಾನಿಗೆ ಹಾಕೂಣು. ವಂಶ ಮುಂದವರೀತೈತಿ."

ಸತ್ಯೆಪ್ಪ ತುತ್ತು ಹಿಡಿದು ಕುಳಿತ. "ಈಗ? ಕಬ್ಬ ಇನ್ನಾ ಎದಿಮಟ್ಟಾನೂ ಬಂದಿಲ್ಲ."

"ಕೂಡ್ಸೂದಕ್ಕ ತಿಂಗಳಗಟ್ಲೆ ಬೇಕಲ್ಲ ಮಾವಾ. ದೀಪಾವಳಿಗೆ ತಯಾರ ಆಗಬೇಕಂದ್ರ ಈಗ ಶುರು ಆಗಬೇಕು."

"ಜ್ಯೇಷ್ಠದಾಗ ಬೀಜ ಕೇಳಿದಾವ್ರು ಯಾರಾರ ಅದಾರೇನ?" ತಂಗೆವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ತಿರುಗಿದಳು. "ಲಗ್ನಕ್ಕಿಂತ ಮೊದಲ ತೊಟ್ಲಾ ಕಟ್ಟಿದಂಗಾತು."

"ಅತ್ತಿ, ನಾ ಹೊರಗಿನಾಂವೇನ? ಇದರ ಕೆಳಗಿನ ನೀರ ಬದಲಿಸಿ ಬೆಳದಾಂವ ನಾನು."

"ಅದಕ್ಕ ಕೇಳಾಕತ್ತೀನಿ. ಹೊರಗಿನಾಂವ ಆಗಿದ್ರ ಕೇಳ್ತಿದ್ದಿಲ್ಲ, ಹೊರಗ ಹಾಕ್ತಿದ್ನಿ."

ಅವನು ನಕ್ಕ. ಎದ್ದು ಕೈ ತೊಳೆದು, ಬಾಗಿಲು ದಾಟಿ ಹೊರಗೆ ಹೋಗಿ ನಿಂತ. ಬಿಸಿಲಿಗೆ ಅವನ ನೆರಳು ಹೊಸ್ತಿಲ ಮೇಲೆ ಬಿದ್ದಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಚನ್ನಮಲ್ಲಪ್ಪನವರು ನಿಂತ ಹಾಗೆಯೇ ನಿಂತು, ಕೈ ಜೋಡಿಸಿ ಹೇಳಿದ: "ಬೀಜ ಕೊಡ್ರಿ, ಹಂಗಾಮ ಹಚ್ಚತೀವಿ."

ಆ ಮಾತು ಬಿದ್ದ ಮೇಲೆ ಸತ್ಯೆಪ್ಪನಿಗೆ ಕೇಳಲು ಏನೂ ಉಳಿಯಲಿಲ್ಲ. ಅವನ ಅಪ್ಪನ ಕಾಲದಿಂದ ಆ ಮಾತು ಒಮ್ಮೆಯೂ ಹುಸಿಹೋಗಿರಲಿಲ್ಲ. ಒಂದು ಕಾಗದ ಬರೆದುಕೊಡು ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ನಾಚಿಕೊಳ್ಳುತ್ತಿದ್ದ. ಜಗಲಿಯ ಹತ್ತಿರ ಬಂದು, ನನ್ನನ್ನು ಎರಡೂ ಕೈಯಿಂದ ಎತ್ತಿದ. ತಾಟಿನ ನೀರು ನನ್ನ ತಳದಿಂದ ತೊಟ್ಟಿಕ್ಕಿತು. ತಂಗೆವ್ವ ಅದನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತ ಸ್ವಲ್ಪ ಹೊತ್ತು ನನ್ನನ್ನು ಹಿಡಿದುಕೊಂಡೇ ಇದ್ದಳು.

"ಬಿಡು," ಎಂದ ಸತ್ಯೆಪ್ಪ ಮೆಲ್ಲಗೆ. "ನಮ್ಮ ಪರಶ್ಯಾ ಅದಾನ."

ಅವಳು ಬಿಟ್ಟಳು.

ಹಲಗೆ ಬಾರಿಸಿಕೊಂಡು ನನ್ನನ್ನು ಗೇಟಿಗೆ ಒಯ್ದರು. ಕುಳಿತವರೆಲ್ಲ ಎದ್ದು ನಿಂತರು. ಯಾರೋ ಗುಲಾಲು ಹಾರಿಸಿದರು. ಗೇಟಿನ ಅಡ್ಡಪಟ್ಟಿ ತೆಗೆದವರು ಕೆಲಸಗಾರರೇ. ತಾಡಪತ್ರಿ ಹೊದ್ದ ಲಾರಿಗಳು ಒಂದರ ಹಿಂದೊಂದು ಒಳಗೆ ಬಂದವು. ಜನ ಚಾಲಕರ ಕೊರಳಿಗೂ ಹಾರ ಹಾಕಿದರು. ಸೋಮವಾರ ಬೆಳಿಗ್ಗೆ ಎಲ್ಲರೂ ಪಾಳಿಗೆ ಬರಬೇಕು ಎಂದು ಪರಶುರಾಮ ಎತ್ತರದಲ್ಲಿ ನಿಂತು ಹೇಳಿದ. ಚಪ್ಪಾಳೆ ಬಿತ್ತು. ಸತ್ಯೆಪ್ಪ ಕಣ್ಣೊರೆಸಿಕೊಳ್ಳುವುದನ್ನು ಕಂಡೆ.

ನನ್ನನ್ನು ಮ್ಯಾನೇಜರರ ಮೇಜಿನ ಮೇಲೆ ಇಟ್ಟರು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಗೇಟು ಮುಚ್ಚಿತು. ಹೊಸ ಕಾವಲುಗಾರರು ಬಂದು ನಿಂತರು. ಲಾರಿಗಳ ತಾಡಪತ್ರಿ ಬಿಚ್ಚಿದರು. ಒಳಗೆ ಪ್ಯಾನೂ ಇರಲಿಲ್ಲ, ಬಾಯ್ಲರೂ ಇರಲಿಲ್ಲ. ಖಾಲಿ ಲಾರಿಗಳು, ಒಂದೆರಡರಲ್ಲಿ ಗ್ಯಾಸ್ ಸಿಲಿಂಡರುಗಳು.

"ಪೊಲೀಸರನ್ನು ಕರೆಸಿದ್ದರೆ ಗಲಾಟೆ ಆಗುತ್ತಿತ್ತು," ಎಂದರು ಮ್ಯಾನೇಜರ್, ಚಹಾ ಕಲಕುತ್ತ. "ನಿಮ್ಮ ತಂಬಿಗೆಯ ಉಪಾಯ ಚೆನ್ನಾಗಿತ್ತು, ಪರಶುರಾಮ್. ನಾನು ನಂಬಿರಲಿಲ್ಲ."

"ಅವರು ಕಾಗದ ಕೇಳೂದಿಲ್ಲ ಸರ್," ಎಂದ ಪರಶುರಾಮ. ಅವನ ದನಿ ಸಣ್ಣದಾಗಿತ್ತು. "ಆ ಮಾತೊಂದು ಅಂದ್ರ ಸಾಕು."

ಮಿಕ್ಕದ್ದೂ ಆ ಮೇಜಿನ ಮೇಲೆಯೇ ನನಗೆ ತಿಳಿಯಿತು. ಕಂಪನಿ ಬಂದರಿನ ಪಕ್ಕದಲ್ಲಿ ಹೊಸ ರಿಫೈನರಿ ಕಟ್ಟಿದೆ. ಹೊರದೇಶದ ಕಚ್ಚಾ ಸಕ್ಕರೆ ಹಡಗಿನಿಂದ ಇಳಿದು ನೇರ ಅದರೊಳಗೆ ಹೋಗುತ್ತದೆ. ಕಬ್ಬು ಬೇಡ, ಹಂಗಾಮು ಬೇಡ, ತೊರೆಹಾಳವೂ ಬೇಡ. ಪರಶುರಾಮನಿಗೆ ಅಲ್ಲಿ ದೊಡ್ಡ ಹುದ್ದೆ. ಹಡಗಿನ ಸಕ್ಕರೆ ಬೇಡವೆಂದು ಹುಟ್ಟಿದ ಕಂಪನಿ ತಿರುಗಿ ಹಡಗಿನ ಬಾಗಿಲಿಗೇ ಹೋಗಿ ನಿಂತಿತ್ತು.

ಆಮೇಲೆ ಪ್ಯಾನ್‌ಮನೆಯಿಂದ ಸದ್ದು ಬಂತು. ಉಕ್ಕನ್ನು ಕಡಿದರೆ ಕಿರುಚುತ್ತದೆ. ತಾಮ್ರ ಹಾಗಲ್ಲ. ಬಡಿದರೆ ಗಂಟೆಯಂತೆ ಮೊಳಗುತ್ತದೆ, ಬಹಳ ಹೊತ್ತು ಮೊಳಗುತ್ತದೆ. ಅಣ್ಣನ ಮೈಗೆ ಮೊದಲ ಸುತ್ತಿಗೆ ಬಿದ್ದಾಗ ಮೇಜಿನ ಮೇಲೆ ನನ್ನ ಮೈಯೂ ನಡುಗಿತು. ಅದರಲ್ಲಿ ಪವಾಡವೇನೂ ಇಲ್ಲ, ಒಂದೇ ತಗಡಿನ ತುಂಡುಗಳು ಒಂದೇ ಸ್ವರಕ್ಕೆ ಓಗೊಡುತ್ತವೆ. ಆದರೆ ಮ್ಯಾನೇಜರ್ ಹುಬ್ಬು ಗಂಟಿಕ್ಕಿ, "ಇದನ್ನು ಒಳಗಿಡಿ. ಮೊದಲು ತೊಳೆಸಿ, ಇರುವೆ ಮುತ್ತುತ್ತವೆ," ಎಂದರು.

ಪರಶುರಾಮ ಸಿಪಾಯಿಯನ್ನು ಕರೆಯಲಿಲ್ಲ. ತಾನೇ ನನ್ನನ್ನು ಎತ್ತಿಕೊಂಡು, ಖಾಲಿ ಬಿದ್ದಿದ್ದ ಪ್ರಯೋಗಾಲಯಕ್ಕೆ ಹೋದ. ಗಲಗಲಿಯವರು ಲೆಕ್ಕ ಹಾಕುತ್ತಿದ್ದ ಮೇಜಿನ ಪಕ್ಕದಲ್ಲಿ ಒಂದು ಪಿಂಗಾಣಿ ತೊಟ್ಟಿ. ಅವನ ಬೆರಳುಗಳು ನನಗೆ ಗೊತ್ತಿದ್ದವು. ಒಮ್ಮೆ ಮೇಣವನ್ನು ಗೀರಿ ನೋಡಿದ್ದ ಬೆರಳುಗಳು ಅವು. ಈಗ ಅದೇ ಮೇಣವನ್ನು ಉಗುರಿನಿಂದ ಕಿತ್ತು, ಬಟ್ಟೆ ಬಿಚ್ಚಿ, ಬಿಸಿನೀರು ಬಿಟ್ಟ. ಮೊದಲು ಪಾಕ ಹೋಯಿತು. ತಳದಲ್ಲಿ ಕೂತ ಹರಳುಗಳು ಸುಲಭವಾಗಿ ಬಿಡಲಿಲ್ಲ. ಅವನು ಕೈ ಹಾಕಿ ತಿಕ್ಕಿದ. ಸಕ್ಕರೆ ಕರಗುವಾಗ ಸದ್ದಾಗುವುದಿಲ್ಲ. ಒಂದು ಹಂಗಾಮಿನಿಂದ ಇನ್ನೊಂದಕ್ಕೆ ದಾಟಿ ಬಂದ ಬೀಜ ತೊಟ್ಟಿಯ ತೂತಿನಲ್ಲಿ ಇಳಿದು ಹೋಯಿತು. ನೀರು ತಿಳಿಯಾಗುವವರೆಗೆ ಅವನು ತೊಳೆದ. ಆ ಹೊತ್ತಿನಲ್ಲಿ ಒಮ್ಮೆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡನೋ ಎಂದು ನನಗೆ ಅನುಮಾನ. ಖಚಿತವಾಗಿ ಹೇಳಲಾರೆ.

ಸೋಮವಾರ ಕೆಲಸಗಾರರು ಒಗೆದ ಬಟ್ಟೆ ತೊಟ್ಟು ಬಂದರು. ಗೇಟು ತೆರೆಯಲಿಲ್ಲ. ಅವರು ಬಡಿದರು, ಕೂಗಿದರು, ಪರಶುರಾಮನ ಹೆಸರು ಹಿಡಿದು ಕರೆದರು. ಲಾರಿಗಳು ಆಗಲೇ ಹಿಂದಿನ ದಾರಿಯಿಂದ ಹೋಗಿದ್ದವು. ತಡೆಯಲು ಒಳಗೆ ಏನೂ ಉಳಿದಿರಲಿಲ್ಲ.

ನನಗೊಂದು ಗೌರವ ಮಾಡಿದರು. ಹೊಟ್ಟೆಯ ಮೇಲೆ ಯಂತ್ರದಿಂದ ಅಕ್ಷರ ಕೊರೆಸಿದರು: 'ದೀರ್ಘ ಸೇವೆಯ ಸ್ಮರಣೆಗಾಗಿ — ನಾಗನೂರಿ ಶುಗರ್ ರಿಫೈನಿಂಗ್ ಕಂಪನಿ'. ಒಂದು ಡಬ್ಬಿಯಲ್ಲಿ ಹಾಕಿ, ಶಾಲಿನ ಜೊತೆ ಸತ್ಯೆಪ್ಪನ ಮನೆಗೆ ಕಳಿಸಿದರು. ತಂದವನು ಕೊರಿಯರಿನವನು. ಅವನೂ ಹೊಸ್ತಿಲ ಹೊರಗೇ ನಿಂತಿದ್ದ.

ಸತ್ಯೆಪ್ಪ ಡಬ್ಬಿ ತೆರೆದು, ನನ್ನ ಬಾಯಿಯೊಳಗೆ ಇಣುಕಿ ನೋಡಿದ. ಒಂದು ಬೆರಳನ್ನು ಒಳಗೆ ಹಾಕಿ ತಳದವರೆಗೂ ಸುತ್ತಿಸಿದ. ಬೆರಳು ಒಣಗಿದ್ದಂತೆಯೇ ಬಂತು. ಪಾಕದ ಹದ ನೋಡಲು ಪ್ರತಿ ದಿನ ಎರಡು ಬೆರಳ ನಡುವೆ ಎಳೆ ಎಳೆಯುತ್ತಿದ್ದವನು, ಆಮೇಲೆ ಎಷ್ಟೋ ದಿನ ಸುಮ್ಮನೆ ಕುಳಿತಾಗ ಆ ಎರಡು ಬೆರಳನ್ನು ಕೂಡಿಸಿ ಬಿಡಿಸುತ್ತಿದ್ದ. ಊರಲ್ಲಿ ಯಾರೂ ಅವನನ್ನು ಮುಖದೆದುರು ದೂರಲಿಲ್ಲ. ಆದರೆ ಅವನು ಚಹಾದ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬೀಜ ಕೊಟ್ಟವನು ಅವನು. ಮೋಸ ಮಾಡಿದವನು ಕಣ್ಣಿಗೆ ಸಿಗದಷ್ಟು ದೂರ ಹೋಗಿದ್ದ. ಮೋಸ ಹೋದವನು ಎಲ್ಲರ ಕಣ್ಣೆದುರಿಗಿದ್ದ. ಅವನು ಹೋಗುವುದನ್ನೇ ಬಿಟ್ಟ.

ನಾನು ಮರಳಿದ ಮರುದಿನ ಬೆಳಿಗ್ಗೆ ತಂಗೆವ್ವ ಎಂದಿನಂತೆ ತಾಟಿನಲ್ಲಿ ನೀರು ಹಾಕಿ ತಂದಳು. ನನ್ನನ್ನು ಎತ್ತಿ ಕೆಳಗೆ ತಾಟನ್ನು ಸರಿಸಿದಳು. ಅರ್ಧ ಸರಿಸಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ತಾಟನ್ನು ಎಳೆದುಕೊಂಡು, ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಿದಳು. ಅಂದಿನಿಂದ ನನ್ನ ಕೆಳಗೆ ಏನೂ ಇಲ್ಲ. ಇರುವೆಗಳು ಜಗಲಿಯ ಮೇಲೆ ಸಾಲಾಗಿ ಬರುತ್ತವೆ, ನನ್ನ ಬುಡವನ್ನು ಒಂದು ಸುತ್ತು ಹಾಕಿ, ದಾಟಿ ಹೋಗುತ್ತವೆ.

ಸತ್ಯೆಪ್ಪ ತೀರಿಕೊಂಡ. ಪರಶುರಾಮ ಆಗ ಬರಲಿಲ್ಲ, ಹೂವಿನ ಹಾರ ಕಳಿಸಿದ್ದ. ತಂಗೆವ್ವ ಅದನ್ನು ಬಾಗಿಲ ಹೊರಗೇ ಬಿಟ್ಟಳು.

ಅವನು ಬಂದದ್ದು ಇನ್ನೂ ಕೆಲವು ವರ್ಷಗಳ ಮೇಲೆ. ತಲೆ ನರೆತಿತ್ತು. ಕೈಯಲ್ಲಿ ಅರಿಸಿನ ಹಚ್ಚಿದ ಲಗ್ನಪತ್ರಿಕೆ ಇತ್ತು. ಒಳಗೆ ಬರಲು ಧೈರ್ಯವಾಗದೆ ಹೊಸ್ತಿಲ ಹೊರಗೇ ನಿಂತ. ಆ ಜಾಗದಲ್ಲಿ ಅವನು ಮತ್ತೆ ನಿಂತದ್ದನ್ನು ನೋಡಿ ನನ್ನ ತಾಮ್ರ ತಣ್ಣಗಾಯಿತು.

"ಅತ್ತಿ, ಮಗಳ ಲಗ್ನ ಐತಿ. ಮೊದಲನೇ ಪತ್ರಿಕಿ ನಿನಗ. ಮಾವ ಇಲ್ಲ, ನೀನರ ಬಂದು ಅಕ್ಕಿಕಾಳ ಹಾಕಬೇಕು. ತಾಯಿ ಕಡೆಯಿಂದ ನನಗ ಮತ್ಯಾರದಾರ?"

ತಂಗೆವ್ವ ಬಗ್ಗಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದಳು. ಮೊರವನ್ನು ಪಕ್ಕಕ್ಕಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದಳು.

"ಬಿಸಲಾಗಿಂದ ಬಂದೀದಿ. ಒಳಗ ಬಾ. ನೀರ ಕುಡಿ."

ನಮ್ಮ ಕಡೆ ಬಂದವರಿಗೆ ಬೆಲ್ಲದ ಚೂರು ಕೊಟ್ಟು ನೀರು ಕೊಡುತ್ತಾರೆ. ಅವಳು ಬೆಲ್ಲದ ಡಬ್ಬಿಯ ಕಡೆ ಹೋಗಲಿಲ್ಲ. ಜಗಲಿಗೆ ಬಂದು ನನ್ನನ್ನು ಇಳಿಸಿ, ಕೊಡದಿಂದ ನೀರು ತುಂಬಿ, ಅವನ ಮುಂದೆ ಹಿಡಿದಳು. ಅವನು ಕೈ ಚಾಚಿದವನು ಕೊರಳಿನ ತಗ್ಗನ್ನು ನೋಡಿದ. ಹೊಟ್ಟೆಯ ಮೇಲಿನ ಅಕ್ಷರಗಳನ್ನೂ ನೋಡಿದ. ಕೈ ಅಲ್ಲೇ ನಿಂತಿತು.

"ಕುಡಿ, ಕುಡಿ. ಅಂಜಬ್ಯಾಡ," ಎಂದಳು ತಂಗೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಕಂಪನ್ಯಾಗ ಚಲೋ ತೊಳದ ಕಳಸ್ಯಾರ. ಒಳಗ ಏನೂ ಉಳದಿಲ್ಲ."

ತೊಳೆದದ್ದು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವನಿಗೂ ನನಗೂ ಗೊತ್ತಿತ್ತು.

ಅವನು ನನ್ನನ್ನು ಎತ್ತಿ ಬಾಯಿಗೆ ನೀರು ಹೊಯ್ದುಕೊಂಡ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ನನ್ನಿಂದ ನೀರು ಕುಡಿದ ಮೊದಲನೆಯವನು ಅವನು. ನನ್ನನ್ನು ನೆಲಕ್ಕಿಟ್ಟು, ಬಾಯೊರೆಸಿಕೊಂಡು, "ಬರ್ತೀನಿ ಅಂತ ಮಾತ ಕೊಡು, ಅತ್ತಿ," ಎಂದ.

"ಮಾತು?" ತಂಗೆವ್ವ ನನ್ನನ್ನು ಎತ್ತಿ, ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿ, ಬಾಯಿ ಕೆಳಗೆ ಮಾಡಿ ಅವನಿಗೆ ತೋರಿಸಿದಳು. "ನಮ್ಮ ಮನ್ಯಾಗ ಒಂದ ಇತ್ತು. ನೀನ ಒಯ್ದಿ."

ಅವನು ಪತ್ರಿಕೆಯನ್ನು ಹೊಸ್ತಿಲ ಮೇಲಿಟ್ಟು ಹೋದ. ಲಗ್ನದ ದಿನ ಅವಳು ಮನೆಯಲ್ಲೇ ಇದ್ದಳು. ಆದರೆ ಮುಹೂರ್ತದ ಹೊತ್ತಿಗೆ ಒಂದು ಹಿಡಿ ಅಕ್ಕಿಕಾಳು ತಂದು ದೇವರ ಮುಂದೆ ಹಾಕಿದ್ದನ್ನು ನಾನು ನೋಡಿದ್ದೇನೆ. ಆ ಹುಡುಗಿಯ ತಪ್ಪೇನಿದೆ?

ಈಗ ನಾನು ನೀರಿನ ತಂಬಿಗೆ. ಜಗಲಿಯಿಂದ ಇಳಿದು ಕೊಡದ ಪಕ್ಕ ಇರುತ್ತೇನೆ. ಬಂದವರಿಗೆಲ್ಲ ತಂಗೆವ್ವ ಬೆಲ್ಲದ ಚೂರು ಕೊಟ್ಟು ನನ್ನಲ್ಲಿ ನೀರು ಕೊಡುತ್ತಾಳೆ. ಕೊರೆದ ಅಕ್ಷರಗಳು ಹುಣಸೆಹಣ್ಣು ತಿಕ್ಕಿ ತಿಕ್ಕಿ ಸವೆಯುತ್ತಿವೆ. ಗೋವಿಂದನ ಸುತ್ತಿಗೆ ಮಾಡಿದ ತಗ್ಗು ಹಾಗೇ ಇದೆ. ಗಲಗಲಿಯವರ ಲೆಕ್ಕ ಆಗಾಗ ನೆನಪಾಗುತ್ತದೆ. ಬೀಜದಲ್ಲಿ ಮೊದಲ ವರ್ಷದ ಒಂದು ಅಣುವೂ ಉಳಿದಿರಲಿಲ್ಲ ಎನ್ನುವುದಾದರೆ, ಆ ಪಿಂಗಾಣಿ ತೊಟ್ಟಿಯಲ್ಲಿ ಹರಿದುಹೋದದ್ದು ಏನು? ಸಕ್ಕರೆಯಂತೂ ಅಲ್ಲ. ಸಕ್ಕರೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ.

ದೀಪಾವಳಿ ದಾಟಿದ ಮೊದಲ ಸೋಮವಾರ ಮಾತ್ರ ತಂಗೆವ್ವ ನನ್ನಲ್ಲಿ ನೀರು ತುಂಬುವುದಿಲ್ಲ. ಒರೆಸಿ, ಒಣಗಿಸಿ, ಜಗಲಿಯ ಮೇಲಿನ ಹಳೆಯ ಜಾಗದಲ್ಲಿ ಇಡುತ್ತಾಳೆ. ಬಾಗಿಲು ತೆರೆದಿಟ್ಟು ಕೂರುತ್ತಾಳೆ. ಯಾರೂ ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಸಂಜೆಗೆ ದೀಪ ಹಚ್ಚಿ, ನನ್ನನ್ನು ಇಳಿಸಿ, ಮತ್ತೆ ನೀರು ತುಂಬುತ್ತಾಳೆ.